ಲಿಫ್ಟಿನ ಪಾಲು

ಬಟನ್ ಒತ್ತಿದರೆ ತಾನೇ ಓಡುವ ಲಿಫ್ಟುಗಳು ಬಂದು ಎಷ್ಟೋ ಕಾಲವಾಗಿದ್ದರೂ ಆ ಐದು ಅಂತಸ್ತಿನ ಹಳೆಯ ಕಟ್ಟಡದ ಲಿಫ್ಟಿಗೆ ಮಾತ್ರ ಹಿತ್ತಾಳೆಯ ಹಿಡಿಯೊಂದಿತ್ತು. ಬಲಕ್ಕೆ ತಿರುಗಿಸಿದರೆ ಮೇಲೆ, ಎಡಕ್ಕೆ ತಿರುಗಿಸಿದರೆ ಕೆಳಗೆ, ನಡುವೆ ತಂದರೆ ನಿಲುಗಡೆ. ಹೇಳಲು ಇಷ್ಟೇ. ಆದರೆ ಲಿಫ್ಟಿನ ನೆಲವೂ ಅಂತಸ್ತಿನ ನೆಲವೂ ಕೂದಲೆಳೆಯ ವ್ಯತ್ಯಾಸವಿಲ್ಲದೆ ಕೂಡುವಂತೆ ನಿಲ್ಲಿಸುವ ವಿದ್ಯೆ ಇಡೀ ಕಟ್ಟಡದಲ್ಲಿ ಒಬ್ಬನಿಗೇ ಗೊತ್ತಿತ್ತು. ಇಪ್ಪತ್ತೆರಡು ವರ್ಷದಿಂದ ಅವನನ್ನು ಎಲ್ಲರೂ ಲಿಫ್ಟಣ್ಣ ಎಂದೇ ಕರೆಯುತ್ತಿದ್ದರು. ಹೆಂಡತಿ ಕೂಡ ಸಿಟ್ಟು ಬಂದಾಗ ಹಾಗೇ ಕರೆಯುತ್ತಿದ್ದಳು.

ಲಿಫ್ಟಿನೊಳಗೆ ಲಿಫ್ಟಣ್ಣನಿಗೆ ಸಿಗುತ್ತಿದ್ದ ಮರ್ಯಾದೆ ಹೊರಗೆ ಎಲ್ಲೂ ಸಿಕ್ಕಿದ್ದಿಲ್ಲ. ಎರಡನೆಯ ಅಂತಸ್ತಿನ ವಿಮಾ ಕಚೇರಿಯವರು ಮಗಳ ಮದುವೆಯ ಮಾತನ್ನು ಅವನ ಕಿವಿಗೆ ಹಾಕದೆ ಮುಂದುವರಿಸುತ್ತಿರಲಿಲ್ಲ. ನಾಲ್ಕನೆಯ ಅಂತಸ್ತಿನ ವಕೀಲರು ಸೋತ ಕೇಸನ್ನು ನೆಲಮಹಡಿಯಿಂದ ನಾಲ್ಕರವರೆಗೆ ಅವನ ಮುಂದೆ ಇನ್ನೊಮ್ಮೆ ವಾದಿಸಿ ಗೆಲ್ಲುತ್ತಿದ್ದರು. ಇಷ್ಟೆಲ್ಲ ಕೇಳಿಸಿಕೊಂಡೂ ಅವನು "ಹೌದಾ ಸಾರ್? ಜೋಪಾನ, ಕಾಲು ನೋಡಿಕೊಂಡು ಇಳೀರಿ" ಎಂದಷ್ಟೇ ಹೇಳುತ್ತಿದ್ದ. ಇದಕ್ಕಿಂತ ಒಳ್ಳೆಯ ಸಲಹೆ ಬೇರೆಲ್ಲೂ ಸಿಗುವುದಿಲ್ಲ ಎಂದು ಎಲ್ಲರೂ ಒಪ್ಪಿದ್ದರು.

ಹೀಗೆ ಮೇಲೆ ಕೆಳಗೆ ಓಡಾಡುತ್ತಿದ್ದ ಬದುಕು ಒಂದು ಸೋಮವಾರ ಮೂರಕ್ಕೂ ನಾಲ್ಕಕ್ಕೂ ನಡುವೆ ನಿಂತುಬಿಟ್ಟಿತು. ನಿಂತದ್ದು ನಲವತ್ತು ನಿಮಿಷ. ಬೇರೆ ಯಾರಾದರೂ ಒಳಗಿದ್ದರೆ ಅದು ಸುದ್ದಿಯೇ ಆಗುತ್ತಿರಲಿಲ್ಲ. ಒಳಗಿದ್ದವರು ಕಟ್ಟಡದ ಮ್ಯಾನೇಜರು.

ಮೂರು ದಿನದಲ್ಲಿ ಲಿಫ್ಟ್ ಇನ್ಸ್‌ಪೆಕ್ಟರ್ ಬಂದರು. ತೆಳ್ಳಗಿನ, ಉದ್ದ ಕುತ್ತಿಗೆಯ, ನಗು ಎಂಬುದು ಇಲಾಖೆಯ ನಿಯಮಗಳಲ್ಲಿ ಇಲ್ಲವೆಂದು ತಿಳಿದಿದ್ದ ಮನುಷ್ಯ. ಹಗ್ಗ ನೋಡಿದರು, ಗಾಲಿ ನೋಡಿದರು, ಕೊನೆಗೆ ಲಿಫ್ಟಣ್ಣನನ್ನು ನೋಡಿದರು. ಅವನನ್ನು ನೋಡಲು ಹಗ್ಗಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡರು.

"ನಿಮ್ಮ ತೂಕ?"

"ತೊಂಬತ್ತು ಸಾರ್."

"ಈ ಹಗ್ಗಕ್ಕೆ ತಡೆಯೋದು ಒಟ್ಟು ನಾನೂರ ಎಂಟು ಕಿಲೋ. ಐದು ಜನ ಪ್ರಯಾಣಿಕರು, ತಲೆಗೆ ಅರವತ್ತನಾಲ್ಕರಂತೆ ಮುನ್ನೂರ ಇಪ್ಪತ್ತು. ಉಳಿದದ್ದು ಎಂಬತ್ತೆಂಟು. ಚಾಲಕ ಅಷ್ಟರೊಳಗೆ ಇರಬೇಕು."

"ಎರಡು ಕಿಲೋ ತಾನೇ ಸಾರ್?"

"ಹಗ್ಗಕ್ಕೆ ತಾನೇ ಗೀನೇ ಇಲ್ಲ. ಅರವತ್ತು ದಿನ ಟೈಮು. ಆ ದಿನ ಸಂಜೆ ಐದರೊಳಗೆ ತೂಕ ಇಳಿದಿರಬೇಕು."

ಇಳಿಯದಿದ್ದರೆ ಏನು ಎಂಬುದನ್ನು ಮ್ಯಾನೇಜರು ವಿವರಿಸಿದರು. ನೆಲದಡಿಯ ಉಗ್ರಾಣದಲ್ಲಿ ಒಂದು ಕೆಲಸ ಖಾಲಿ ಇದೆ. ಅಲ್ಲಿ ಒಂದೇ ಬಲ್ಬು, ಮುರಿದ ಕುರ್ಚಿಗಳು, ಮಾತಾಡಿಸಲು ಯಾರೂ ಇಲ್ಲ. ಲಿಫ್ಟಿಗೆ ಮ್ಯಾನೇಜರರ ಷಡ್ಡಕರು ಸಿದ್ಧರಾಗಿದ್ದಾರೆ. ಅವರ ತೂಕ ಐವತ್ತನಾಲ್ಕು. "ಬಟ್ಟೆ ಸೇರಿ" ಎಂದು ಮ್ಯಾನೇಜರು ಹೆಮ್ಮೆಯಿಂದ ಹೇಳಿದರು.

ಅಂದು ಸಂಜೆಯೇ ಲಿಫ್ಟಣ್ಣ ರಸ್ತೆಯಾಚೆಯ ಡಾಕ್ಟರರ ಮುಂದೆ ಹೋಗಿ ಕೂತ. ಡಾಕ್ಟರು ಹಳೆಯ ಪರಿಚಯ. ಅವನನ್ನು ತಮ್ಮ ಮುಳ್ಳಿನ ತಕ್ಕಡಿಯ ಮೇಲೆ ನಿಲ್ಲಿಸಿದರು, ಹೊಟ್ಟೆ ತಟ್ಟಿದರು, ಔಷಧಿ ಬರೆಯುತ್ತಾರೆಂದು ಅವನು ಕಾಯುತ್ತಿದ್ದರೆ ಒಂದು ಖಾಲಿ ನೋಟ್‌ಬುಕ್ ಕೊಟ್ಟರು.

"ದಿನಾ ತಿಂದದ್ದನ್ನೆಲ್ಲ ಇದರಲ್ಲಿ ಬರೀರಿ. ಸುಳ್ಳು ಬರೆದರೆ ನಿಮಗೇ ನಷ್ಟ."

"ಡಾಕ್ಟ್ರೇ, ಇಪ್ಪತ್ತೆರಡು ವರ್ಷ ಲಿಫ್ಟು ಹತ್ತಿದವರ ಪುಸ್ತಕ ಬರೆದವನು ನಾನು. ಒಂದು ತಲೆ ಹೆಚ್ಚು ಕಮ್ಮಿ ಆಗಿಲ್ಲ."

ಈ ಮಾತು ನೂರಕ್ಕೆ ನೂರು ನಿಜ. ಎಲ್ಲ ಅನಾಹುತವೂ ಹುಟ್ಟಿದ್ದು ಈ ನಿಜದಿಂದಲೇ.

ಆ ಕಟ್ಟಡದಲ್ಲಿ ಒಂದು ಪದ್ಧತಿಯಿತ್ತು. ನೆಲಮಹಡಿಯ ಕ್ಯಾಂಟೀನಿನಿಂದ ಮೇಲಕ್ಕೆ ಹೋಗುವ ಟ್ರೇ, ಫ್ಲಾಸ್ಕು, ಜಗ್ಗು ಎಲ್ಲವೂ ಲಿಫ್ಟಿನಲ್ಲೇ ಹೋಗಬೇಕು. ಯಾವ ಅಂತಸ್ತಿಗೆ ಹೋದರೂ ಅದರಲ್ಲಿ ಒಂದು ಗ್ಲಾಸು ಲಿಫ್ಟಣ್ಣನದು. ಅದಕ್ಕೆ ಲಿಫ್ಟಿನ ಪಾಲು ಎಂದು ಹೆಸರು. ಒಂದನೆಯ ಅಂತಸ್ತಿನಲ್ಲಿ ಯೂನಿಫಾರ್ಮ್ ಹೊಲಿಯುವ ಟೈಲರುಗಳ ಹಾಲು ಟೀ. ಎರಡರಲ್ಲಿ ವಿಮಾ ಕಚೇರಿಯ ಕೆನೆ ಕಾಫಿ. ಮೂರರಲ್ಲಿ ಕನ್ನಡಕ ಮಾಡುವವರು ತರಿಸುತ್ತಿದ್ದ ಬಾಟಲಿಯ ತಂಪು ಪಾನೀಯ. ನಾಲ್ಕರಲ್ಲಿ ವಕೀಲರ ಗುಮಾಸ್ತರ ಮಾಲ್ಟ್ ಹಾಲು. ಐದರಲ್ಲಿದ್ದದ್ದು ಹಣ್ಣಿನ ರಸ ತೆಗೆಯುವ ಯಂತ್ರ ಮಾರುವ ಕಂಪನಿ. ಗಿರಾಕಿ ಬಂದಾಗಲೆಲ್ಲ ಒಂದು ಜಗ್ಗು ರಸ ತೆಗೆದು ತೋರಿಸುತ್ತಿದ್ದರು. ಗಿರಾಕಿ ಯಂತ್ರ ಕೊಳ್ಳದೆ ಹೋಗುತ್ತಿದ್ದ. ರಸ ಲಿಫ್ಟಣ್ಣನಿಗೆ ಬರುತ್ತಿತ್ತು.

ಮೊದಲ ದಿನ ಟೈಲರುಗಳ ಟೀ ಕೈಯಲ್ಲಿ ಹಿಡಿದು ಲಿಫ್ಟಣ್ಣ ಒಂದು ಗಳಿಗೆ ಯೋಚಿಸಿದ್ದುಂಟು. ಇದನ್ನು ಬರೆಯಬೇಕೇ? ಲಿಫ್ಟಿನ ಗೋಡೆಗೆ ಅಂಟಿಸಿದ್ದ ನಿಯಮಾವಳಿ ಕಣ್ಣೆದುರೇ ಇತ್ತು. ಹದಿನಾಲ್ಕನೆಯ ನಿಯಮ: ಪುಸ್ತಕದಲ್ಲಿ ತಲೆಗಳನ್ನು ಮಾತ್ರ ಬರೆಯತಕ್ಕದ್ದು, ಪ್ರಯಾಣಿಕರು ಕೈಯಲ್ಲಿ ಹಿಡಿದ ಸಾಮಾನು ಲೆಕ್ಕಕ್ಕೆ ಸೇರತಕ್ಕದ್ದಲ್ಲ. ಇಪ್ಪತ್ತೆರಡು ವರ್ಷ ಈ ನಿಯಮದ ಪ್ರಕಾರ ಎಷ್ಟೋ ಚೀಲ, ಬುಟ್ಟಿ, ಫ್ಲಾಸ್ಕು ಲೆಕ್ಕಕ್ಕೆ ಸಿಗದೆ ಮೇಲೆ ಹೋಗಿದ್ದವು. ತಟ್ಟೆಗೆ ಬಂದದ್ದು ಪ್ರಯಾಣಿಕ, ಗ್ಲಾಸಿಗೆ ಬಂದದ್ದು ಕೈಸಾಮಾನು ಎಂದು ಲಿಫ್ಟಣ್ಣ ತೀರ್ಮಾನಿಸಿದ. ತೀರ್ಮಾನಿಸಿ ಟೀ ಕುಡಿದ. ಆಮೇಲೆ ಆ ವಿಷಯದಲ್ಲಿ ಅವನ ಮನಸ್ಸಿನಲ್ಲಿ ಯಾವ ಗೊಂದಲವೂ ಉಳಿಯಲಿಲ್ಲ. ಗೊಂದಲವೆಲ್ಲ ಉಳಿದವರ ಪಾಲಿಗೆ ಬಂತು.

ಊಟದ ವಿಷಯದಲ್ಲಿ ಅವನು ಹಟಕ್ಕೆ ಬಿದ್ದ. ಬೆಳಿಗ್ಗೆ ಎರಡು ತುಂಡು ಬ್ರೆಡ್ಡು ಒಂದಾಯಿತು. ಮಧ್ಯಾಹ್ನದ ಡಬ್ಬಿಯಲ್ಲಿ ಅನ್ನದ ಜಾಗಕ್ಕೆ ಸೌತೆಕಾಯಿ ಬಂತು. ಹೆಂಡತಿ ಪ್ರಾಥಮಿಕ ಶಾಲೆಯ ಟೀಚರು. ದಿನಾ ರಾತ್ರಿ ಅವನ ನೋಟ್‌ಬುಕ್ಕನ್ನು ಮಕ್ಕಳ ಹೋಂವರ್ಕಿನ ರಾಶಿಯ ಜೊತೆಗೇ ಎಳೆದುಕೊಂಡು, ಕೆಂಪು ಇಂಕಿನಲ್ಲಿ ತಪ್ಪು ತಿದ್ದಿ, ಕೆಳಗೆ ಸಹಿ ಹಾಕುತ್ತಿದ್ದಳು. "ಅಕ್ಷರ ದುಂಡಗಾಗಲಿ" ಎಂದು ಒಮ್ಮೆ ಬರೆದಿದ್ದಳು. ಒಂದು ಭಾನುವಾರ "ಉತ್ತಮ" ಕೊಟ್ಟಿದ್ದಳು.

ಹತ್ತನೆಯ ದಿನ ತಕ್ಕಡಿಯ ಮುಳ್ಳು ತೊಂಬತ್ತೊಂದು ತೋರಿಸಿತು.

ಡಾಕ್ಟರು ನೋಟ್‌ಬುಕ್ ತಿರುವಿದರು. ಬ್ರೆಡ್ಡು ಒಂದು. ಸೌತೆಕಾಯಿ ಒಂದು. ಬೇಯಿಸಿದ ಹುರುಳಿಕಾಯಿ, ಅರ್ಧ ಬಟ್ಟಲು. ಮುಳ್ಳು ನೋಡಿದರು. ಮತ್ತೆ ನೋಟ್‌ಬುಕ್ ನೋಡಿದರು.

"ಇನ್ನೂ ಸ್ವಲ್ಪ ದಿನ ನೋಡೋಣ."

ಲಿಫ್ಟಣ್ಣ ಏನೂ ತಿನ್ನುತ್ತಿಲ್ಲ ಎಂಬ ಸುದ್ದಿ ಅಷ್ಟರಲ್ಲಿ ಐದೂ ಅಂತಸ್ತಿಗೆ ಹಬ್ಬಿತ್ತು. ಮಧ್ಯಾಹ್ನ ಅವನ ಹೊಟ್ಟೆ ಗುರುಗುಟ್ಟಿದರೆ ಲಿಫ್ಟಿನ ಮೋಟಾರೆಂದು ಜನ ಹೆದರಿ ಮೇಲೆ ನೋಡುವಂತಾಯಿತು. ನೋಡಿದವರ ಕರುಳು ಚುರ್ರೆನ್ನದೆ ಇರುತ್ತದೆಯೇ?

"ಪಾಪ, ತಿನ್ನೋದಂತೂ ಬಿಟ್ಟರು. ಕುಡಿಯೋದಾದ್ರೂ ನೆಟ್ಟಗೆ ಕುಡೀಲಿ" ಎಂದು ಹಿರಿಯ ಟೈಲರು ಟೀ ಗ್ಲಾಸನ್ನು ಬಿಟ್ಟು ದೊಡ್ಡ ಲೋಟ ಹಿಡಿದರು. ವಿಮಾ ಕಚೇರಿಯಲ್ಲಿ ಕೆನೆ ಇಮ್ಮಡಿಯಾಯಿತು. ವಕೀಲರ ಗುಮಾಸ್ತರು ಮಾಲ್ಟ್ ಹಾಲಿಗೆ ಜೇನುತುಪ್ಪ ಬೆರೆಸಿದರು. ಐದನೆಯ ಅಂತಸ್ತಿನವರು ಗಿರಾಕಿ ಬರದಿದ್ದರೂ ಯಂತ್ರ ತಿರುಗಿಸಿದರು.

ಇಪ್ಪತ್ತನೆಯ ದಿನಕ್ಕೆ ತೊಂಬತ್ತೊಂದೂವರೆ.

ಡಾಕ್ಟರರಿಗೆ ತಕ್ಕಡಿಯ ಮೇಲೆ ಅನುಮಾನ ಬಂತು. ತಾವೇ ಹತ್ತಿ ನೋಡಿದರು. ಅವರ ತೂಕವೂ ಮೂರು ಕಿಲೋ ಏರಿತ್ತು. ಸಮಾಧಾನದಿಂದ ತಕ್ಕಡಿಯನ್ನು ರಿಪೇರಿಗೆ ಕಳಿಸಿದರು. ರಿಪೇರಿಯವನು ಮರುದಿನವೇ ತಂದಿಟ್ಟು "ತಕ್ಕಡಿ ಸರಿಯಾಗಿದೆ ಸಾರ್" ಎಂದು ಹೇಳಿ, ಅವರ ಹೊಟ್ಟೆಯ ಕಡೆ ಒಮ್ಮೆ ನೋಡಿ ಹೋದ. ಆ ನೋಟದಿಂದ ಕೆರಳಿದ ಡಾಕ್ಟರು ಲಿಫ್ಟಣ್ಣನ ಹೆಂಡತಿಗೆ ಹೇಳಿಕಳಿಸಿದರು.

ಟೀಚರು ಶಾಲೆ ಮುಗಿಸಿ, ತರಕಾರಿ ಚೀಲದ ಸಮೇತ ಬಂದಳು.

"ಅಮ್ಮಾ, ಈ ನೋಟ್‌ಬುಕ್ಕಿನಲ್ಲಿ ನಿಮ್ಮ ಸಹಿ ಇದೆ."

"ನನ್ನದೇ."

"ಒಬ್ಬ ಗಂಡಸಿಗೆ ದಿನಕ್ಕೆ ಎರಡು ತುಂಡು ಬ್ರೆಡ್ಡು, ಒಂದು ಸೌತೆಕಾಯಿ. ಇಷ್ಟೇನಾ ನೀವು ಹಾಕೋದು? ಉಪವಾಸ ಕೆಡವಿದ್ರೆ ಮೈಗೆ ನೀರು ತುಂಬಿಕೊಳ್ಳತ್ತೆ, ಊತ ಬರತ್ತೆ."

ಟೀಚರ ಮೂಗಿನ ತುದಿ ಕೆಂಪಾಯಿತು. "ನಾನು ಕೆಡವಿದೀನಾ? ಹಾಕಿದ್ದನ್ನ ತಟ್ಟೆಯಿಂದ ವಾಪಸ್ ಪಾತ್ರೆಗೆ ಸುರಿಯೋರು ಯಾರು? ಬರೆಸೋದು ನೀವು, ಬರೆಯೋದು ಇವರು, ಬೈಸಿಕೊಳ್ಳೋಕೆ ನಾನಾ?"

"ಕೋಪ ಮಾಡಿಕೋಬೇಡಿ..."

"ನೋಡಿ ಡಾಕ್ಟ್ರೇ, ನಲವತ್ತು ಮಕ್ಕಳನ್ನ ಏಕಕಾಲಕ್ಕೆ ನೋಡಿಕೊಳ್ತೀನಿ. ಒಂದೂ ಸೊರಗಿಲ್ಲ. ಇವರೂ ಸೊರಗಿಲ್ಲ, ನೀವೇ ತೂಗಿದ್ದೀರಲ್ಲ!" ಎಂದು ಚೀಲ ಎತ್ತಿಕೊಂಡು ಹೊರಟೇಬಿಟ್ಟಳು. ಅಂದಿನಿಂದ ಆಕೆ ಡಾಕ್ಟರರ ಜೊತೆ ಮಾತು ಬಿಟ್ಟಳು. ಹೇಳಬೇಕಾದದ್ದನ್ನೆಲ್ಲ ನೋಟ್‌ಬುಕ್ಕಿನ ಅಂಚಿನಲ್ಲಿ ಕೆಂಪು ಇಂಕಿನಲ್ಲಿ ಬರೆದು ಗಂಡನ ಕೈಯಲ್ಲಿ ಕಳಿಸುತ್ತಿದ್ದಳು. "ಡಾಕ್ಟರರ ಕೈಬರಹ ಓದಲಾಗುತ್ತಿಲ್ಲ, ಸುಧಾರಿಸಲಿ" ಎಂಬುದು ಮೊದಲನೆಯದು.

ಕ್ಲಿನಿಕ್ಕಿನಲ್ಲಿ ಸರದಿಗೆ ಕೂತಿದ್ದವರಲ್ಲಿ ಲಿಫ್ಟಣ್ಣನ ಮೇಲಿನ ಮನೆಯಾಕೆಯೂ ಇದ್ದಳು. ಕೆಮ್ಮಿಗೆ ಬಂದಿದ್ದವಳು ಕೆಮ್ಮು ಮರೆತು ಮನೆಗೆ ಓಡಿದಳು. ಕತ್ತಲಾಗುವಷ್ಟರಲ್ಲಿ ಬೀದಿಗೆಲ್ಲ ಗೊತ್ತಾಯಿತು: ಲಿಫ್ಟಣ್ಣನಿಗೆ ತಿನ್ನದೆ ಊದಿಕೊಳ್ಳುವ ಕಾಯಿಲೆ. ಮರುದಿನ ಆಕೆ ದ್ರಾಕ್ಷಿ ರಸದ ದೊಡ್ಡ ಬಾಟಲಿ ತಂದು "ಹಣ್ಣಿನದು, ಏನೂ ಆಗಲ್ಲ, ಕುಡೀರಿ" ಎಂದು ಎದುರು ನಿಂತು ಕುಡಿಸಿ ಹೋದಳು.

ಶನಿವಾರದ ಬಸ್ಸಿಗೆ ಲಿಫ್ಟಣ್ಣನ ಅಕ್ಕ ಬಂದಳು. ಸೂಟ್‌ಕೇಸಿಗಿಂತ ಮೊದಲು ಒಳಗೆ ಬಂದದ್ದು ಎರಡು ಕಿಲೋ ಮಾಲ್ಟ್ ಪುಡಿಯ ಡಬ್ಬ.

"ಏನೋ ಇದು ನಿನ್ನ ಅವಸ್ಥೆ! ಹೊಟ್ಟೆಗಿಲ್ಲದೆ ಹೆಂಗೆ ದಪ್ಪ ಆಗಿದೀಯಾ ನೋಡು!"

"ಅಕ್ಕಾ, ನಾನು ಚೆನ್ನಾಗೇ ಇದೀನಿ."

"ಚೆನ್ನಾಗಿರೋನು ಹೀಗಿರ್ತಾನಾ? ಅಮ್ಮ ಇದ್ದಿದ್ರೆ ನಿನ್ನನ್ನ ಗುರುತೇ ಹಿಡೀತಿರಲಿಲ್ಲ." ಆಮೇಲೆ ಅಡುಗೆಮನೆಯತ್ತ ದನಿ ಎತ್ತಿ, "ಇವನಿಗೆ ಡಬ್ಬಿಗೆ ಸೌತೆಕಾಯಿ ಹಾಕಿ ಕಳಿಸ್ತೀಯಂತಲ್ಲ ತಾಯಿ? ಆಫೀಸಿಗೆ ಹೋಗೋ ಗಂಡಸು, ಮೊಲ ಅಲ್ಲ" ಎಂದಳು.

"ಅತ್ತಿಗೆ, ಅಡುಗೆ ಆಗಿದೆ. ನಿಮ್ಮ ತಮ್ಮನಿಗೆ ನೀವೇ ಬಡಿಸಿ, ತಿನ್ನಿಸಿ ತೋರಿಸಿ" ಎಂದು ಟೀಚರು ಸೌಟನ್ನು ಅವಳ ಕೈಗಿತ್ತು, ಹೋಂವರ್ಕಿನ ರಾಶಿ ಎತ್ತಿಕೊಂಡು ಒಳಕೋಣೆಯ ಬಾಗಿಲು ಹಾಕಿಕೊಂಡಳು.

ಲಿಫ್ಟಣ್ಣನ ಪೇಚಾಟ ಹೇಳತೀರದು. ಅಕ್ಕನನ್ನು ಸಮಾಧಾನಪಡಿಸಲು ಬಟ್ಟಲು ತುಂಬ ಮಾಲ್ಟ್ ಹಾಲು ಕುಡಿದ. ಹೆಂಡತಿಯನ್ನು ಸಮಾಧಾನಪಡಿಸಲು ಅದನ್ನು ಕದ್ದು ಕುಡಿದ. ನೋಟ್‌ಬುಕ್ಕಿನಲ್ಲಿ ಪ್ರಾಮಾಣಿಕವಾಗಿ ಬರೆದ: ರಾತ್ರಿ, ಬ್ರೆಡ್ಡು ಒಂದು.

ಮೂವತ್ತನೆಯ ದಿನ ತೊಂಬತ್ತೆರಡು ದಾಟಿತು. ಉಳಿದದ್ದು ಇನ್ನು ಮೂವತ್ತೇ ದಿನ. ಷಡ್ಡಕರು ಆಗಲೇ ಲಿಫ್ಟಿನಲ್ಲಿ ದಿನಕ್ಕೆರಡು ಸಲ ಕಾರಣವಿಲ್ಲದೆ ಮೇಲೆ ಕೆಳಗೆ ಓಡಾಡಿ, ಹಿತ್ತಾಳೆಯ ಹಿಡಿಯನ್ನು ಕಣ್ಣಲ್ಲೇ ಅಳೆಯುತ್ತಿದ್ದರು.

"ಬ್ರಾಸೋ ಪಾಲಿಶ್ ಹಾಕಿ ತಿಕ್ತೀರಾ ಇದಕ್ಕೆ, ಹುಣಸೆಹಣ್ಣಾ?" ಎಂದು ಒಂದು ದಿನ ಕೇಳಿದರು.

ಲಿಫ್ಟಣ್ಣ ಆ ದಿನ ಮೊದಲ ಬಾರಿಗೆ ಅಂತಸ್ತಿಗಿಂತ ಎರಡಂಗುಲ ಕೆಳಗೆ ನಿಲ್ಲಿಸಿದ. ಷಡ್ಡಕರು ಎಡವಿದರು. ಲಿಫ್ಟಣ್ಣನ ಕಣ್ಣಲ್ಲಿ ನೀರು ಬಂತು. ಅವರು ಎಡವಿದ್ದಕ್ಕಲ್ಲ. ಎರಡಂಗುಲಕ್ಕೆ.

ಡಾಕ್ಟರು ಮಂಗಳವಾರ ಬೆಳಿಗ್ಗೆ ಕ್ಲಿನಿಕ್ಕಿಗೆ ಬೀಗ ಹಾಕಿ ನೇರ ಕಟ್ಟಡಕ್ಕೆ ಬಂದರು. "ನಿಮ್ಮ ಮೈಗೆ ಎಲ್ಲಿಂದ ಬರ್ತಿದೆ ಅನ್ನೋದನ್ನ ನಾನು ನೋಡಲೇಬೇಕು. ನನ್ನ ವಿದ್ಯೆಯ ಪ್ರಶ್ನೆ ಇದು" ಎಂದು ಲಿಫ್ಟಿನ ಮೂಲೆಯಲ್ಲಿ ಕೈಕಟ್ಟಿ ನಿಂತರು.

ಒಂಬತ್ತೂವರೆಗೆ ಒಂದನೆಯ ಅಂತಸ್ತು. ಲೋಟ ಒಳಗೆ ಬಂತು.

"ಇದೇನು?"

"ಟೀ ಡಾಕ್ಟ್ರೇ."

"ಎಷ್ಟು ಸಕ್ಕರೆ?"

"ಟೈಲರುಗಳಿಗೆ ಗ್ಲಾಸಿಗೆ ಮೂರು ಚಮಚ. ಸೂಜಿಗೆ ದಾರ ಪೋಣಿಸೋ ಕಣ್ಣು, ದಣಿಯತ್ತೆ."

"ನಿಮಗೆ?"

"ನಂದು ಲೋಟ. ನಾಲ್ಕೋ ಐದೋ ಇರಬೇಕು."

ಡಾಕ್ಟರು ಅಂಗೈ ಮೇಲೆ ಪೆನ್ನಿನಿಂದ ಒಂದು ಗೀಟು ಎಳೆದುಕೊಂಡರು. ಎರಡನೆಯ ಅಂತಸ್ತಿಗೆ ಎರಡನೆಯ ಗೀಟು. ಮೂರರಲ್ಲಿ ಬಾಟಲಿಯ ಮುಚ್ಚಳ ಠಪ್ಪೆಂದಿತು, ಮೂರನೆಯ ಗೀಟು. ಹನ್ನೊಂದಕ್ಕೆ ಟೈಲರುಗಳ ಎರಡನೆಯ ಟೀ. ಹನ್ನೆರಡಕ್ಕೆ ಅಂಗೈಯಲ್ಲಿ ಜಾಗ ಮುಗಿದು ಡಾಕ್ಟರು ಮಣಿಕಟ್ಟಿಗೆ ಬಂದಿದ್ದರು. ಐದನೆಯ ಅಂತಸ್ತಿನ ಕಿತ್ತಳೆ ರಸ ಬಂದಾಗ ಅವರು ಪೆನ್ನು ಜೇಬಿಗೆ ಹಾಕಿಬಿಟ್ಟರು.

"ಇದನ್ನ ನೋಟ್‌ಬುಕ್ಕಿನಲ್ಲಿ ಬರೆದಿದ್ದೀರಾ?"

"ಯಾವುದನ್ನ?"

"ಬೆಳಿಗ್ಗೆಯಿಂದ ಕುಡಿದದ್ದನ್ನ!"

ಲಿಫ್ಟಣ್ಣ ಮರುಕದಿಂದ ನೋಡಿದ. ಓದಿದವರಿಗೆ ಕೆಲವು ಸರಳ ಸಂಗತಿ ಗೊತ್ತಿರುವುದಿಲ್ಲ. "ಡಾಕ್ಟ್ರೇ, ಅದು ಕೈಸಾಮಾನು" ಎಂದು ಗೋಡೆಯ ಮೇಲಿನ ಹದಿನಾಲ್ಕನೆಯ ನಿಯಮವನ್ನು ತೋರಿಸಿದ.

ಡಾಕ್ಟರು ನಿಯಮವನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿ ಮೂರನೆಯ ಸಲ ಓದಿದರು. ಆಮೇಲೆ ಲಿಫ್ಟಿನ ನೆಲದ ಮೇಲೆ ಕೂತುಬಿಟ್ಟರು.

"ಮಹರಾಯರೇ, ಈ ಮೂರು ಗಂಟೆಯಲ್ಲಿ ನೀವು ಮೂವತ್ತು ಚಮಚ ಸಕ್ಕರೆ ನುಂಗಿದ್ದೀರಿ."

"ನಾನಾ? ಒಂದು ಚಮಚಾನೂ ಬಾಯಿಗಿಟ್ಟಿಲ್ಲ. ನೀವೇ ಇದ್ರಲ್ಲ!"

"ದಿನಾ ಎರಡು ಊಟದಷ್ಟು ಕ್ಯಾಲೊರಿ ಕುಡಿದು ಅದರ ಮೇಲೆ ಸೌತೆಕಾಯಿ ತಿಂದಿದ್ದೀರಿ!"

"ಸೌತೆಕಾಯಿ ಜಾಸ್ತಿ ಆಯ್ತಾ?"

"ಸೌತೆಕಾಯಿ ಬಿಡಿ! ಈ ಗ್ಲಾಸಿಗೆ ಎಷ್ಟು ಕಿತ್ತಳೆ ಹಿಂಡ್ತಾರೆ?"

"ಆರು."

"ಆರು ಕಿತ್ತಳೆ ಸುಲಿದು ಕೊಟ್ಟರೆ ಒಂದೇ ಸಲ ತಿಂತೀರಾ?"

"ಛೆ, ಎರಡು ತಿನ್ನೋಷ್ಟರಲ್ಲಿ ಹೊಟ್ಟೆ ಸಾಕು ಅನ್ನತ್ತೆ."

"ಆರು ಕುಡಿದಾಗ ಏನಂತು?"

ಲಿಫ್ಟಣ್ಣ ಹೊಟ್ಟೆಯ ಮೇಲೆ ಕೈಯಿಟ್ಟು ನೆನಪು ಮಾಡಿಕೊಂಡ. "ಏನೂ ಅನ್ನಲಿಲ್ಲ."

"ಅದೇ ಬಂದಿರೋ ಗ್ರಹಚಾರ. ತಿಂದರೆ ಹೊಟ್ಟೆ ಗಲಾಟೆ ಮಾಡಿ ಹೇಳತ್ತೆ. ಕುಡಿದರೆ ಸುಮ್ಮನೆ ಒಳಗೆ ಬಿಟ್ಟುಕೊಳ್ಳತ್ತೆ. ಸುಮ್ಮನಿತ್ತು ಅಂತ ಹೊರೆ ಇಲ್ಲ ಅಂತಲ್ಲ."

ಲಿಫ್ಟಣ್ಣ ಹಿತ್ತಾಳೆಯ ಹಿಡಿಗೆ ಕೈ ಹಾಕಿದ, ತಿರುಗಿಸಲಿಲ್ಲ. ಲಿಫ್ಟು ಕರೆಯುವ ಗಂಟೆ ಮೂರು ಅಂತಸ್ತಿನಿಂದ ಬಡಿದುಕೊಳ್ಳುತ್ತಿತ್ತು. ಕೊನೆಗೆ ಅವನು ಕೇಳಿದ್ದು ಒಂದೇ ಮಾತು: "ಹಾಗಾದ್ರೆ ಡಾಕ್ಟ್ರೇ, ಇಷ್ಟು ದಿನ ನಾನು ಹಸಕೊಂಡಿದ್ದು ಯಾಕೆ?"

ಡಾಕ್ಟರು ನೆಲದಿಂದ ಎದ್ದರು. ಹೊಸ ಚೀಟಿ ಬರೆದುಕೊಟ್ಟರು. ಹೊತ್ತಿಗೆ ಸರಿಯಾಗಿ ತಟ್ಟೆಯಲ್ಲಿ ಊಟ: ಅನ್ನ, ಬೇಳೆ, ಧಾರಾಳವಾಗಿ ತರಕಾರಿ. ಹಣ್ಣನ್ನು ಹಣ್ಣಾಗಿಯೇ ತಿನ್ನುವುದು. ಬಾಯಾರಿದರೆ ನೀರು. ಟೀ ಬೇಕೇಬೇಕಾದರೆ ಸಕ್ಕರೆಯಿಲ್ಲದೆ ದಿನಕ್ಕೆರಡು. ಮನೆಯಲ್ಲಿ ಚೀಟಿ ಓದಿದ ಟೀಚರು ಅಂಚಿನಲ್ಲಿ ಬರೆದಳು: "ಇದನ್ನೇ ನಾನು ಮೊದಲ ದಿನದಿಂದ ಬಡಿಸುತ್ತಿದ್ದೆ." ಮೂರು ಸಲ ಅಡಿಗೆರೆ ಎಳೆದಳು. ಅಕ್ಕ ಮರುದಿನದ ಬಸ್ಸಿಗೆ ಹೊರಟಳು. ಡಬ್ಬ ವಾಪಸ್ ಒಯ್ಯಲು ಮರೆಯಲಿಲ್ಲ.

ಚೀಟಿ ಪಾಲಿಸುವುದು ಸುಲಭವೆಂದು ಭಾವಿಸಿದವರು ಐದು ಅಂತಸ್ತಿನ ಲಿಫ್ಟು ನಡೆಸಿ ನೋಡಬೇಕು.

"ನಮ್ಮ ಟೀ ಬೇಡವಾಯ್ತಾ? ಇಪ್ಪತ್ತೆರಡು ವರ್ಷ ಕುಡಿದ ಟೀ?" ಹಿರಿಯ ಟೈಲರು ಲೋಟ ಹಿಡಿದೇ ನಿಂತರು. "ಎರಡನೇ ಅಂತಸ್ತಿನೋರು ಏನಾದ್ರೂ ಚಾಡಿ ಹೇಳಿದ್ರಾ?"

ವಿಮಾ ಕಚೇರಿಯ ಮುಖ್ಯಸ್ಥರಿಗೆ ಮುಖದಲ್ಲಿ ರಕ್ತವಿಲ್ಲ. "ಲಿಫ್ಟಣ್ಣ, ನಿಜ ಹೇಳಿ. ನಮ್ಮ ಆಫೀಸು ಮುಚ್ಚತ್ತೆ ಅಂತ ಲಿಫ್ಟಲ್ಲಿ ಯಾರಾದ್ರೂ ಮಾತಾಡಿದ್ದು ಕೇಳಿಸ್ತಾ? ಅದಕ್ಕೇ ತಾನೇ ಋಣ ಬೇಡ ಅಂತಿದೀರಿ?"

ವಕೀಲರ ಗುಮಾಸ್ತರು ಗಂಟಲು ಸರಿಪಡಿಸಿಕೊಂಡು, ರೂಢಿಯಿಂದ ಬಂದ ಪಾಲನ್ನು ಹತ್ತು ದಿನ ಪಡೆಯದಿದ್ದರೆ ಹಕ್ಕು ಹೋಗುತ್ತದೆ, ಆದ್ದರಿಂದ ಪ್ರತಿಭಟನೆ ದಾಖಲಿಸಿ ಒಂದೊಂದು ಗುಟುಕು ಕುಡಿಯುವುದು ಕ್ಷೇಮ ಎಂದರು.

ಲಿಫ್ಟಣ್ಣ ಎಲ್ಲರಿಗೂ ಕೈಮುಗಿದ. "ಕೆಲಸ ಹೋಗತ್ತೆ ಸ್ವಾಮಿ. ನೆಲದಡೀಲಿ ಕೂರೋ ಹಂಗಾಗತ್ತೆ. ಅಲ್ಲಿಗೆ ಯಾರೂ ಬರಲ್ಲ, ಟೀ ಕೂಡ." ಆಗ ಅವರಿಗೆಲ್ಲ ಅರ್ಥವಾಯಿತು. ಅರ್ಥವಾಗದವರಿಗೆ ಷಡ್ಡಕರ ಮುಖ ನೆನಪಾಯಿತು. ಲೋಟಗಳು ಹಿಂದೆ ಸರಿದವು.

ಹೊಸ ನೋಟ್‌ಬುಕ್ಕಿನಲ್ಲಿ ಅವನೀಗ ಒಂದನ್ನೂ ಬಿಡಲಿಲ್ಲ. "ಬೆಳಿಗ್ಗೆ: ಬಾಯಿ ಮುಕ್ಕಳಿಸಿದ ನೀರು, ಉಗಿದೆ. ಹತ್ತು ಗಂಟೆ: ಟೈಲರುಗಳ ಟೀಯ ವಾಸನೆ, ತಡೆಯಲಾಗಲಿಲ್ಲ. ಮಧ್ಯಾಹ್ನ: ಅನ್ನ, ಹುರುಳಿಕಾಯಿ, ಕಿತ್ತಳೆ ಒಂದು. ಮೂರು ಗಂಟೆ: ಆಕಳಿಸುವಾಗ ಬಾಯಿಗೆ ಒಂದು ಹನಿ ಮಳೆ." ಟೀಚರು "ಅತ್ಯುತ್ತಮ" ಕೊಟ್ಟಳು. ಮುಳ್ಳು ಒಂದೊಂದೇ ಗೆರೆ ಹಿಂದಕ್ಕೆ ಬರತೊಡಗಿತು.

ಅರವತ್ತನೆಯ ದಿನ ಮಧ್ಯಾಹ್ನ ಮೂರೂವರೆಗೆ ಇನ್ಸ್‌ಪೆಕ್ಟರ್ ಬಂದರು. ಡಾಕ್ಟರರ ತಕ್ಕಡಿಯನ್ನು ನೆಲಮಹಡಿಯ ನಡುವೆ ಇಟ್ಟಿದ್ದರು. ಐದು ಅಂತಸ್ತಿನವರೂ ಕೆಳಗಿಳಿದು ಬಂದಿದ್ದರು. ಟೀಚರು ಅರ್ಧ ದಿನ ರಜೆ ಹಾಕಿ ಬಂದು, ಡಾಕ್ಟರರ ಕಡೆ ಬೆನ್ನು ಮಾಡಿ ನಿಂತಿದ್ದಳು. ಷಡ್ಡಕರು ಹೊಸ ಷರ್ಟು ಹಾಕಿದ್ದರು.

ಲಿಫ್ಟಣ್ಣ ಬೂಟು ಕಳಚಿದ, ಬೆಲ್ಟು ಬಿಚ್ಚಿದ, ಬೀಗದ ಕೈ ಗೊಂಚಲು ಕೊಟ್ಟ, ಕನ್ನಡಕ ತೆಗೆದ. ಕೊನೆಗೆ ಅತ್ತ ತಿರುಗಿ ಹಲ್ಲಿನ ಸೆಟ್ಟನ್ನೂ ತೆಗೆದು ಹೆಂಡತಿಯ ಕರ್ಚೀಫಿಗೆ ಹಾಕಿದ. ತಕ್ಕಡಿ ಹತ್ತಿ ಕಣ್ಣು ಮುಚ್ಚಿಕೊಂಡ.

"ಎಂಬತ್ತೆಂಟು ಕಿಲೋ ನಾನೂರು ಗ್ರಾಂ" ಎಂದರು ಇನ್ಸ್‌ಪೆಕ್ಟರ್.

"ನಾನೂರು ಗ್ರಾಂ ತಾನೇ..." ಎಂದು ಆರಂಭಿಸಿದ ಹಿರಿಯ ಟೈಲರು ಇನ್ಸ್‌ಪೆಕ್ಟರರ ಕುತ್ತಿಗೆ ತಮ್ಮ ಕಡೆ ತಿರುಗಿದ್ದು ಕಂಡು ನಿಲ್ಲಿಸಿದರು. ಷಡ್ಡಕರು ಲಿಫ್ಟಿನೊಳಗೆ ಹೋಗಿ ಹಿಡಿಯ ಮೇಲೆ ಕೈಯಿಟ್ಟೇಬಿಟ್ಟರು.

"ಸಾರ್!" ವಕೀಲರ ಗುಮಾಸ್ತರು ಕೈಯೆತ್ತಿದರು. "ಐದು ಗಂಟೆಯೊಳಗೆ ಅಂತ ನಿಮ್ಮ ನೋಟೀಸು. ಈಗ ಮೂರೂ ನಲವತ್ತು. ಅವಧಿ ಮುಗಿದಿಲ್ಲ."

ಇನ್ಸ್‌ಪೆಕ್ಟರ್ ನೋಟೀಸು ತೆಗೆದು ನೋಡಿದರು. ತಮ್ಮದೇ ಸಹಿ. "ಮುಗಿದಿಲ್ಲ" ಎಂದು ಒಪ್ಪಿ ಕುರ್ಚಿ ಎಳೆದುಕೊಂಡರು.

ಆಮೇಲೆ ನಡೆದದ್ದು ಯಾರ ಯೋಚನೆ ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಟೈಲರುಗಳು ಓಡಿ ಹೋಗಿ ಮೂರು ಚಳಿಗಾಲದ ಯೂನಿಫಾರ್ಮ್ ಕೋಟು ತಂದು ಲಿಫ್ಟಣ್ಣನಿಗೆ ಒಂದರ ಮೇಲೊಂದು ತೊಡಿಸಿದರು. ವಿಮಾ ಕಚೇರಿಯವರು ಹಿಂದಿನಿಂದ ಮೆಟ್ಟಿಲ ಕಡೆ ತಳ್ಳಿದರು.

"ಬೆವರು ಕೊಬ್ಬಲ್ಲ! ಬರೀ ನೀರು!" ಎಂದು ಡಾಕ್ಟರು ಕೂಗಿದರು.

"ನನ್ನ ಫಾರಮ್ಮಿನಲ್ಲಿ ಕೊಬ್ಬಿಗೆ ಜಾಗ ಇಲ್ಲ. ತೂಕಕ್ಕೆ ಮಾತ್ರ" ಎಂದರು ಇನ್ಸ್‌ಪೆಕ್ಟರ್.

ಹೀಗೆ, ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಆ ಕಟ್ಟಡದ ಮೆಟ್ಟಿಲು ತುಳಿಯದಿದ್ದ ಮನುಷ್ಯ ಮೆಟ್ಟಿಲು ಹತ್ತತೊಡಗಿದ. ಹಿಂದೆ ಇಡೀ ಕಟ್ಟಡ. ಎರಡಕ್ಕೂ ಮೂರಕ್ಕೂ ನಡುವೆ ಒಂದು ಕಿಟಕಿಯಿತ್ತು. ಅದರಿಂದ ಡಾಕ್ಟರರ ಕ್ಲಿನಿಕ್ಕು ಕಾಣುತ್ತಿತ್ತು. "ಇಲ್ಲೊಂದು ಕಿಟಕಿ ಇದೆಯಾ!" ಎಂದು ಲಿಫ್ಟಣ್ಣ ನಿಂತ. "ಆಮೇಲೆ ನೋಡೋರಂತೆ, ಹತ್ತಿ!" ಎಂದು ಹೆಂಡತಿ ಹಿಂದಿನಿಂದ ಗದರಿದಳು. ಐದಕ್ಕೆ ಹೋಗಿ ಕೆಳಗೆ. ಮತ್ತೆ ಮೇಲೆ. ಮೂರನೆಯ ಸಲ ಇಳಿಯುವಾಗ ಅವನ ಜೊತೆ ಉಳಿದವಳು ಟೀಚರು ಒಬ್ಬಳೇ. ಉಳಿದವರು ಅಂತಸ್ತಿಗೆ ಇಬ್ಬರಂತೆ ಮೆಟ್ಟಿಲ ಮೇಲೆ ಕೂತು ಏದುಸಿರು ಬಿಡುತ್ತಿದ್ದರು.

ನಾಲ್ಕೂ ಐವತ್ತಕ್ಕೆ ಕೋಟು ಕಳಚಿ, ಮೈ ಒರೆಸಿ, ತಕ್ಕಡಿಯ ಮೇಲೆ ನಿಲ್ಲಿಸಿದರು. ಮುಳ್ಳು ತೂಗಾಡಿ, ಮನಸ್ಸು ಮಾಡಿ, ನಿಂತಿತು.

"ಎಂಬತ್ತೆಂಟು" ಎಂದರು ಇನ್ಸ್‌ಪೆಕ್ಟರ್.

ಮೆಟ್ಟಿಲ ತುಂಬ ಚಪ್ಪಾಳೆ. "ಇಳೀಬೇಡಿ!" ಎಂದು ಇನ್ಸ್‌ಪೆಕ್ಟರ್ ಕೈಯೆತ್ತಿದರು. "ಮೂರು ಪ್ರತಿ ಸಹಿ ಆಗೋವರೆಗೆ ಚಾಲಕ ತಕ್ಕಡಿ ಮೇಲೇ ಇರಬೇಕು. ನಿಯಮ." ಫೈಲು ತೆರೆದರು. ಕಾರ್ಬನ್ ಹಾಳೆ ಹುಡುಕಿದರು. ತಲೆಬರಹವನ್ನು ದುಂಡಗೆ ಬರೆಯತೊಡಗಿದರು.

ಲಿಫ್ಟಣ್ಣನ ನಾಲಿಗೆ ಅಂಗುಳಿಗೆ ಅಂಟಿಕೊಂಡಿತ್ತು. ಕಣ್ಣ ಮುಂದೆ ಐದೂ ಅಂತಸ್ತು ಒಟ್ಟಿಗೇ ಕೆಳಗಿಳಿಯುತ್ತಿದ್ದವು. ಡಾಕ್ಟರು ಕ್ಯಾಂಟೀನಿಗೆ ಓಡಿ ಒಂದು ಜಗ್ಗು ನೀರು ತಂದು, ಗ್ಲಾಸು ತುಂಬಿ ಹಿಡಿದರು.

"ಕುಡೀರಿ, ಬಿದ್ದುಬಿಟ್ಟೀರಿ. ನೀರಲ್ಲಿ ಏನೂ ಇಲ್ಲ."

ಲಿಫ್ಟಣ್ಣ ತಲೆಯಾಡಿಸಿದ. ಹಲ್ಲಿಲ್ಲದ ಬಾಯಲ್ಲಿ ಮೆಲ್ಲಗೆ ಹೇಳಿದ: "ತೂಕ ಇದೆ ಡಾಕ್ಟ್ರೇ."

"ನೋಡಿ, ಕ್ಯಾಲೊರಿ ಅನ್ನೋದು ಬೇರೆ..." ಎಂದು ಶುರು ಮಾಡಿದ ಡಾಕ್ಟರು ಮುಳ್ಳಿನ ಕಡೆ ನೋಡಿದರು. ಗ್ಲಾಸಿನ ಕಡೆ ನೋಡಿದರು. ಅರವತ್ತು ದಿನದಲ್ಲಿ ಮೊದಲ ಬಾರಿಗೆ ರೋಗಿ ಹೇಳಿದ್ದು ಸರಿಯಾಗಿತ್ತು.

ಇನ್ಸ್‌ಪೆಕ್ಟರ್ ಎರಡನೆಯ ಸಹಿ ಮುಗಿಸಿ, ಮೊಹರು ಎಲ್ಲಿ ಎಂದು ಚೀಲದೊಳಗೆ ತಲೆ ಹಾಕಿದರು. ಲಿಫ್ಟಣ್ಣ ಒಂದು ಪಕ್ಕಕ್ಕೆ ವಾಲಿದ.

ಟೀಚರು ಡಾಕ್ಟರರ ಕೈಯಿಂದ ಗ್ಲಾಸು ಕಿತ್ತುಕೊಂಡು ಗಂಡನ ತುಟಿಗೆ ಹಿಡಿದಳು. "ಕುಡೀರಿ."

"ಮುಳ್ಳು ಕಣೇ..."

"ಕುಡೀರಿ ಅಂದೆ ನಾನು."

ಅವನು ಕುಡಿದ. ಗಟಗಟನೆ ಒಂದು ಗ್ಲಾಸು, ಉಸಿರೆಳೆದು ಇನ್ನೊಂದು. ಟೀಚರು ಅವನ ಕಡೆ ಬೆನ್ನು ಮಾಡಿ, ತಕ್ಕಡಿಯ ಮುಖಕ್ಕೆ ಅಡ್ಡವಾಗಿ ನಿಂತಳು. ಆಕೆ ಸಣಕಲು ಹೆಂಗಸು. ಮುಳ್ಳಿನ ಅರ್ಧ ಭಾಗ ಮಾತ್ರ ಮರೆಯಾಯಿತು. ಡಾಕ್ಟರು ಎರಡು ಕ್ಷಣ ತಮ್ಮ ವಿದ್ಯೆಯನ್ನೂ ಪ್ರಾಮಾಣಿಕತೆಯನ್ನೂ ತೂಗಿ ನೋಡಿದರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತಾ, ಏನೋ ಯೋಚನೆಯಲ್ಲಿದ್ದವರಂತೆ ಎರಡು ಹೆಜ್ಜೆ ಬಂದು ಆಕೆಯ ಪಕ್ಕದಲ್ಲಿ ನಿಂತರು. ಅವರಿಗೆ ಈಚೆಗೆ ಏರಿದ್ದ ಮೂರು ಕಿಲೋ ಇಲ್ಲಿ ಕೆಲಸಕ್ಕೆ ಬಂತು.

ಇನ್ಸ್‌ಪೆಕ್ಟರ್ ಮೊಹರು ಹಿಡಿದು ತಲೆಯೆತ್ತಿದರು. "ಮುಳ್ಳು?"

"ಇದ್ದಲ್ಲೇ ಇದೆ" ಎಂದರು ಇಬ್ಬರೂ, ಒಂದೇ ಉಸಿರಿಗೆ.

ಠಪ್. ಮೂರನೆಯ ಪ್ರತಿಗೂ ಮೊಹರು ಬಿತ್ತು. ಇನ್ಸ್‌ಪೆಕ್ಟರ್ ಇಂಕು ಆರಲೆಂದು ಕಾಗದದ ಮೇಲೆ ಉಫ್ ಉಫ್ ಎಂದು ಊದತೊಡಗಿದರು.

ಬೆನ್ನ ಹಿಂದಿನಿಂದ ಲಿಫ್ಟಣ್ಣ ಪಿಸುಗುಟ್ಟಿದ: "ಇನ್ನೊಂದು ಗ್ಲಾಸು..."

"ಸುಮ್ನಿರ್ರೀ" ಎಂದಳು ಟೀಚರು, ತಿರುಗದೆ.

"ಆರಲಿ ತಡೀರಿ" ಎಂದರು ಡಾಕ್ಟರು.